ಒಳಗಿನ ಹಿಂದಿನ ಗಾಲಿ

ಮೂರು ತಿಂಗಳ ಕಾಲ ನನ್ನ ಟ್ರಕ್ಕು ಒಂದೇ ತಿರುವಿನಲ್ಲಿ ಕೈಕೊಡುತ್ತಿತ್ತು. ಟ್ರಕ್ಕು ಎಂದರೆ ರಿಮೋಟಿನಿಂದ ಓಡಿಸುವ ಪಂದ್ಯದ ಟ್ರಕ್ಕು. ಉದ್ದ ಒಂದೂವರೆ ಅಡಿಗಿಂತ ಸ್ವಲ್ಪ ಹೆಚ್ಚು, ತೂಕ ಒಂದು ಕೈಯಲ್ಲಿ ಎತ್ತುವಷ್ಟು. ನೇರ ದಾರಿಯಲ್ಲಿ ಬಿಟ್ಟರೆ ಮಾತ್ರ ಮೋಟರ್ ಬೈಕಿಗೆ ಸಮನಾಗಿ ಓಡುತ್ತದೆ. ನಾಲ್ಕು ಗಾಲಿಗೆ ನಾಲ್ಕು ಸ್ಪ್ರಿಂಗು, ಪ್ರತಿ ಸ್ಪ್ರಿಂಗಿನೊಳಗೆ ಹೆಬ್ಬೆರಳು ಗಾತ್ರದ, ಎಣ್ಣೆ ತುಂಬಿದ, ಕುಲುಕಾಟ ತಡೆಯುವ ಒಂದು ಶಾಕ್. ದೊಡ್ಡ ಗಾಡಿಯಲ್ಲಿ ಏನೇನು ಇರುತ್ತದೋ ಹೆಚ್ಚುಕಡಿಮೆ ಅದೆಲ್ಲವೂ ಅದರಲ್ಲಿದೆ.

ಚಳ್ಳಕೆರೆಯ ಎಣ್ಣೆ ಗಿರಣಿಯೊಂದರಲ್ಲಿ ಶೇಂಗಾ ಎಣ್ಣೆ ಪರೀಕ್ಷೆ ಮಾಡುವುದು ನನ್ನ ಕೆಲಸ. ವಯಸ್ಸು ನಲವತ್ತು ದಾಟಿದೆ. ಈ ಹುಚ್ಚು ಹತ್ತಿದ್ದು ಹೆಂಡತಿಯ ತವರಾದ ಮೊಳಕಾಲ್ಮೂರಿನಲ್ಲಿ. ಎರಡು ವರ್ಷದ ಹಿಂದೆ ಅಲ್ಲಿಗೆ ಹೋದಾಗ ಒಂದು ಸಂಜೆ ಊರಾಚೆಯ ಒಣಗಿದ ಕೆರೆಯ ಅಂಗಳದಲ್ಲಿ ಧೂಳು ಏಳುತ್ತಿರುವುದು ಕಾಣಿಸಿತು. ಹತ್ತಿರ ಹೋಗಿ ನೋಡಿದರೆ ಐದಾರು ಜನ ಗಂಡಸರು ಸಾಲಾಗಿ ನಿಂತು ರಿಮೋಟು ಹಿಡಿದಿದ್ದಾರೆ, ಅವರ ಮುಂದೆ ಪುಟ್ಟ ಟ್ರಕ್ಕುಗಳು ಮಣ್ಣು ಚಿಮ್ಮಿಸುತ್ತ ಸುತ್ತು ಹೊಡೆಯುತ್ತಿವೆ. ಅಷ್ಟು ವೇಗದಲ್ಲಿ ಬಂದ ವಸ್ತು, ಅಷ್ಟು ಚಿಕ್ಕ ತಿರುವಿನಲ್ಲಿ, ಆ ಪುಡಿಮಣ್ಣಿನ ಮೇಲೆ ಹೇಗೆ ತಿರುಗಿತು? ನನಗೆ ಅರ್ಥವಾಗಲಿಲ್ಲ. ಕತ್ತಲಾಗಿ ಅವರು ಗಾಡಿ ಎತ್ತಿಡುವವರೆಗೂ ಅಲ್ಲೇ ನಿಂತಿದ್ದೆ. ಎರಡು ತಿಂಗಳಲ್ಲಿ ಅವರಲ್ಲೇ ಒಬ್ಬರ ಹಳೆಯ ಟ್ರಕ್ಕು ನಮ್ಮ ಮನೆಗೆ ಬಂತು.

“ಮಗಳು ಹಾಸ್ಟೆಲಿಗೆ ಹೋದ್ಮೇಲೆ ಮನ್ಯಾಗೆ ಆಟದ ಸಾಮಾನು ಇಲ್ಲ ಅಂತ ತಂದ್ರಾ?” ಎಂದಳು ಹೆಂಡತಿ. ನಾನು ಟ್ರಕ್ಕಿನ ಬ್ಯಾಟರಿ ಚಾರ್ಜಿಗೆ ಹಾಕಿದೆ.

ಚಳ್ಳಕೆರೆಯಿಂದ ನನ್ನಿವಾಳದ ಕಡೆಗೆ ಹೋಗುವ ದಾರಿಯಲ್ಲಿ ಒಂದು ಲೇಔಟ್ ಇದೆ. ಸೈಟುಗಳಿಗೆ ಕಲ್ಲು ನೆಟ್ಟಿದ್ದಾರೆ, ರಸ್ತೆಗೆ ಕೆಮ್ಮಣ್ಣು ಹೊಡೆಸಿದ್ದಾರೆ, ಮನೆ ಮಾತ್ರ ಒಂದೂ ಎದ್ದಿಲ್ಲ. ಅದೇ ನನ್ನ ಅಂಗಳವಾಯಿತು. ಭಾನುವಾರ ಬೆಳಿಗ್ಗೆ, ಕೆಲವು ಸಲ ಗಿರಣಿ ಬಿಟ್ಟ ಮೇಲೆ ಸಂಜೆ, ಅಲ್ಲಿಗೆ ಹೋಗಿ ಓಡಿಸುತ್ತಿದ್ದೆ. ನೇರ ದಾರಿಯಲ್ಲಿ ಟ್ರಕ್ಕು ಬಾಣದ ಹಾಗೆ ಹೋಗುತ್ತಿತ್ತು. ಆದರೆ ಎರಡು ರಸ್ತೆ ಸೇರುವ ಮೂಲೆಯಲ್ಲಿ ತಿರುಗಿಸಿದರೆ ಹಿಂಭಾಗ ಜಾರಿ, ಇಡೀ ಗಾಡಿ ಗಿರ್ರನೆ ತಿರುಗಿ, ಬಂದ ದಾರಿಗೇ ಮುಖ ಮಾಡಿ ನಿಲ್ಲುತ್ತಿತ್ತು. ನಿಧಾನಕ್ಕೆ ಹೋದರೆ ತೊಂದರೆಯಿಲ್ಲ. ನಿಧಾನಕ್ಕೆ ಹೋಗುವುದಕ್ಕೆ ಪಂದ್ಯದ ಟ್ರಕ್ಕು ಯಾಕೆ ಬೇಕು?

ಗಿರಣಿಯಲ್ಲಿ ಕಲಿತ ಅಭ್ಯಾಸ ನನ್ನದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಫಲ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಮೆತ್ತನೆ ರಬ್ಬರಿನ ಹೊಸ ಟೈರು ಹಾಕಿದೆ, ಸ್ವಲ್ಪ ವಾಸಿ. ಹಿಂದಕ್ಕೆ ಭಾರ ಬೀಳಲಿ ಎಂದು ಬ್ಯಾಟರಿಯನ್ನು ಹಿಂದೆ ಸರಿಸಿದೆ. ಮುಂದಿನ ಗಾಲಿಗಳು ಮಾತು ಕೇಳದಾದವು. ಗಾಲಿಗಳ ಮೇಲ್ತುದಿ ಒಂದಿಷ್ಟು ಒಳಕ್ಕೆ ವಾಲುವಂತೆ ಮಾಡಿದೆ. ಏನೂ ವ್ಯತ್ಯಾಸ ಕಾಣಲಿಲ್ಲ. ಕೊನೆಗೆ ಯಾವುದೋ ವಿಡಿಯೋ ನೋಡಿ, ಎಡ ಬಲದ ಎರಡು ಹಿಂದಿನ ಗಾಲಿಗಳನ್ನು ಅಡ್ಡಲಾಗಿ ಜೋಡಿಸುವ ಒಂದು ಬಾಗಿದ ಉಕ್ಕಿನ ಕಂಬಿ ತರಿಸಿ ಹಾಕಿದೆ. ತಿರುವಿನಲ್ಲಿ ಗಾಡಿ ಒಂದು ಬದಿಗೆ ವಾಲದಂತೆ ಅದು ತಡೆಯುತ್ತದಂತೆ. ವಾಲುವುದು ನಿಜವಾಗಿಯೂ ನಿಂತಿತು. ಜಾರುವುದು ನಿಲ್ಲಲಿಲ್ಲ, ಇನ್ನೂ ಹೆಚ್ಚಾಯಿತು. ಕಂಬಿ ಸಾಲದು, ಇನ್ನೂ ದಪ್ಪದ್ದು ಬೇಕು ಎಂದು ನಾನು ತೀರ್ಮಾನಿಸಿದೆ.

ಹಾಗೆ ಒಂದು ಗುರುವಾರ ಮಧ್ಯಾಹ್ನ ಟ್ರಕ್ಕು ಕಂಕುಳಲ್ಲಿ ಹಿಡಿದು ಬಳ್ಳಾರಿ ರಸ್ತೆಯ ಕಮಾನ್ ಮೇಸ್ತ್ರಿಯ ಹತ್ತಿರ ಹೋದೆ. ಲಾರಿಗಳ ಕೆಳಗೆ ಒಂದರ ಮೇಲೊಂದು ಪೇರಿಸಿ ಕಟ್ಟಿದ ಬಾಗಿದ ಉಕ್ಕಿನ ಪಟ್ಟಿಗಳಿರುತ್ತವಲ್ಲ, ಆ ಕಮಾನುಗಳನ್ನು ಕಾಯಿಸಿ, ಬಡಿದು, ಬಾಗಿಸಿ ಮತ್ತೆ ಕಟ್ಟುವುದು ಅವರ ಕಸುಬು. ಊರಿನವರೆಲ್ಲ ಅವರನ್ನು ಚಾಚಾ ಎಂದೇ ಕರೆಯುತ್ತಾರೆ. ವಯಸ್ಸು ಎಪ್ಪತ್ತರ ಹತ್ತಿರ. ಐವತ್ತು ವರ್ಷ ಉಕ್ಕಿನ ಸದ್ದಿನಲ್ಲೇ ಕಳೆದು ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಗೆ ಅರ್ಧ ಮಾತು ಬೀಳುತ್ತದೆ. ಅದಕ್ಕೇ ಅವರು ಎಲ್ಲರ ಜೊತೆಗೂ ಕೂಗಿಯೇ ಮಾತಾಡುತ್ತಾರೆ.

ಕಂಬಿ ತೋರಿಸಿ, ಅವರ ಬಲಗಿವಿಯ ಹತ್ತಿರ ಬಾಗಿ ಹೇಳಿದೆ: “ಚಾಚಾ, ಇದೇ ಥರ, ಇನ್ನೂ ದಪ್ಪದ್ದು ಒಂದು ಬಗ್ಗಿಸಿ ಕೊಡ್ರಿ.”

“ಯಾತಕ್ಕೆ?”

“ತಿರುವ್ನಾಗೆ ಹಿಂದ್ಗಡೆ ಜಾರ್ತೈತೆ. ಗಟ್ಟಿ ಮಾಡ್ಬೇಕು.”

ಟ್ರಕ್ಕನ್ನು ಅವರು ಕೈಗೆ ತೆಗೆದುಕೊಂಡರು. ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ. ಮೇಲಿನ ಬಣ್ಣದ ಹೊದಿಕೆ ತೆಗೆದು, ಮಸಿ ಹಿಡಿದ ದಪ್ಪ ಬೆರಳಿನಿಂದ ಒಂದೊಂದೇ ಗಾಲಿಯನ್ನು ಮೇಲೆತ್ತಿ ಬಿಟ್ಟರು. ಆಸ್ಪತ್ರೆಯಲ್ಲಿ ಡಾಕ್ಟರು ಮಗುವಿನ ಕಾಲು ಮಡಿಚಿ ನೋಡುವ ಹಾಗಿತ್ತು ಅದು.

“ಜಾರೋದನ್ನ ನೋಡೀಯಾ?” ಎಂದು ಕೇಳಿದರು.

“ದಿನಾ ನೋಡ್ತೀನಿ.”

“ಎಲ್ಲಿಂದ?”

“ಅಲ್ಲೇ ನಿಂತ್ಕಂಡು.”

ಚಾಚಾ ಟ್ರಕ್ಕನ್ನು ನನ್ನ ಕೈಗೆ ವಾಪಸು ಕೊಟ್ಟರು. “ನಾಳೆ ಜುಮ್ಮಾ ನಮಾಜ್ ಮುಗಿಸ್ಕಂಡು ಬರ್ತೀನಿ. ಓಡ್ಸಿ ತೋರ್ಸು. ಆಮೇಲೆ ಕಂಬಿ ಮಾತು.”

ಮರುದಿನ ಅರ್ಧ ದಿನ ರಜೆ ಹಾಕಿ ಅವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಲೇಔಟಿಗೆ ಹೋದೆ. ನಮಾಜಿಗೆ ಹಾಕಿದ ಬಿಳಿ ಜುಬ್ಬದಲ್ಲೇ ಬಂದಿದ್ದರು. ಮೊದಲು ಆ ಮೂಲೆಯನ್ನು ಒಂದು ಸುತ್ತು ನಡೆದು ನೋಡಿದರು. ಚಪ್ಪಲಿ ಬಿಟ್ಟು ಬರಿಗಾಲಿನಿಂದ ಮಣ್ಣು ಒತ್ತಿದರು. ಆಮೇಲೆ ಹೆಗಲ ಮೇಲಿನ ಟವೆಲ್ಲನ್ನು ಕೊಡವಿ ನೆಲಕ್ಕೆ ಹಾಸಿ, ತಿರುವಿನ ಒಳಬದಿಯಲ್ಲಿ, ಸೈಟು ಕಲ್ಲಿನ ಆಚೆಗೆ, ಬೋರಲು ಮಲಗಿಬಿಟ್ಟರು. ಗಾಬರಿಯಾಯಿತು.

“ಚಾಚಾ, ಬಟ್ಟೆ ಕೊಳೆ ಆಗ್ತೈತೆ!”

ಅವರಿಗೆ ಕೇಳಿಸಲಿಲ್ಲ. ಕೆನ್ನೆಯನ್ನು ನೆಲಕ್ಕೆ ಒತ್ತಿ, ಒಂದು ಕಣ್ಣು ಮುಚ್ಚಿ, ಕೈಯೆತ್ತಿ “ಹೊಡಿ!” ಎಂದು ಕೂಗಿದರು.

ನಾನು ಓಡಿಸಿದೆ. ಟ್ರಕ್ಕು ಭರ್ರನೆ ಬಂದು, ಮೂಲೆಯಲ್ಲಿ ತಿರುಗಿ, ಎಂದಿನಂತೆ ಬೆನ್ನು ಮುಂದಾಗಿ ನಿಂತಿತು. ಅವರ ಮುಖದ ಮೇಲೆ ಕೆಂಪು ಧೂಳು ಬಿತ್ತು. “ಇನ್ನೊಂದ್ಸಲ!” ಮತ್ತೆ ಹಾಗೆಯೇ ಆಯಿತು. “ಇನ್ನೊಂದ್ಸಲ!” ಮೂರನೆಯದಾದ ಮೇಲೆ ಅವರು ಮೊಣಕೈ ಊರಿ ಎದ್ದು ಕೂತರು. ಗಡ್ಡದ ತುಂಬ ಮಣ್ಣು.

“ಒಳಗಿನ ಹಿಂದಿನ ಗಾಲಿ ನೆಲ ಬಿಡ್ತೈತೆ,” ಎಂದರು.

ನಾನು ನಂಬಲಿಲ್ಲ. “ಇಲ್ಲ ಚಾಚಾ. ನಾಲ್ಕೂ ನೆಲದ ಮೇಲೇ ಇರ್ತಾವೆ. ಮೂರು ತಿಂಗಳಿಂದ ನೋಡ್ತಿದೀನಿ.”

“ಒಂದು ಬೆರಳು ದಪ್ಪ ಏಳ್ತೈತೆ. ಮತ್ತೆ ಕೂರ್ತೈತೆ. ಕೂರೋವಾಗ ಒದೀತೈತೆ. ಆವಾಗ್ಲೇ ನೋಡು ನಿನ್ನ ಗಾಡಿ ತಿರುಗೋದು.”

ಕಣ್ಣು ಮಿಟುಕಿಸುವಷ್ಟು ಹೊತ್ತೂ ಇಲ್ಲದ ಆ ತಿರುವಿನಲ್ಲಿ ಇಷ್ಟೆಲ್ಲ ನಡೆಯುವುದು ಯಾರ ಕಣ್ಣಿಗಾದರೂ ಕಂಡೀತೇ? ಮುದುಕರಿಗೆ ಧೂಳಿನಲ್ಲಿ ಏನೋ ಭ್ರಮೆಯಾಗಿದೆ ಎಂದುಕೊಂಡೆ. ಆದರೂ ಅವರ ಕೆನ್ನೆ ಇದ್ದ ಜಾಗದಲ್ಲೇ ನನ್ನ ಫೋನನ್ನು ಒಂದು ಕಲ್ಲಿಗೆ ಒರಗಿಸಿಟ್ಟು, ನಿಧಾನಗತಿಯ ವಿಡಿಯೋ ಚಾಲೂ ಮಾಡಿ, ಇನ್ನೊಂದು ಸುತ್ತು ಹೊಡೆಸಿದೆ.

ಇಬ್ಬರೂ ಸೈಟು ಕಲ್ಲಿನ ಮೇಲೆ ಕೂತು ನೋಡಿದೆವು. ಪರದೆಯ ಮೇಲೆ ಟ್ರಕ್ಕು ನೀರಿನಲ್ಲಿ ತೇಲಿ ಬರುವ ಹಾಗೆ ಬಂತು. ಮುಂದಿನ ಗಾಲಿಗಳು ತಿರುಗಿದವು. ಭಾರವೆಲ್ಲ ಹೊರಬದಿಗೆ ಸರಿಯಿತು, ಹೊರಗಿನ ಟೈರು ಚಪಾತಿ ಹಿಟ್ಟಿನ ಹಾಗೆ ನೆಲಕ್ಕೆ ಒತ್ತಿಕೊಂಡಿತು. ಮಣ್ಣಿನ ಒಂದೊಂದು ಹರಳೂ ಬೇರೆ ಬೇರೆಯಾಗಿ ಗಾಳಿಗೆ ಏರಿತು. ಅಷ್ಟರಲ್ಲಿ ಒಳಗಿನ ಹಿಂದಿನ ಗಾಲಿ ಮೆಲ್ಲಗೆ, ಬಹಳ ಮೆಲ್ಲಗೆ, ನೆಲ ಬಿಟ್ಟಿತು. ಅದರ ಕೆಳಗಿನ ಬೆಳಕು ಕಾಣಿಸಿತು. ಗಾಳಿಯಲ್ಲಿದ್ದ ಗಾಲಿಗೆ ತಡೆಯೇ ಇಲ್ಲದೆ ಮೋಟರಿನ ಶಕ್ತಿಯೆಲ್ಲ ಅದಕ್ಕೇ ಹರಿದು ಅದು ಹುಚ್ಚು ಹಿಡಿದ ಹಾಗೆ ತಿರುಗಿತು. ಆಮೇಲೆ ಕೆಳಗಿಳಿದು ಮಣ್ಣಿಗೆ ತಾಗಿದ ಗಳಿಗೆಯಲ್ಲೇ ಹಿಂಭಾಗ ಹೊರಕ್ಕೆ ಸಿಡಿಯಿತು. ಅವರು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ಎತ್ತರ ಕೂಡ ಒಂದು ಬೆರಳಿನಷ್ಟೇ.

ಅವರ ಕಣ್ಣುಗಳನ್ನು ನೋಡಿದೆ. ಅಂಚು ಬಿಳಿಚಿಕೊಂಡ, ಕುಲುಮೆಯ ಬೆಂಕಿ ನೋಡಿ ನೋಡಿ ಕೆಂಪಾದ ಮುದುಕನ ಕಣ್ಣುಗಳು. ಇವು ಹೇಗೆ ಕಂಡವು?

ಅವರು ಮಾತ್ರ ನನ್ನ ಕಡೆ ನೋಡುತ್ತಿರಲಿಲ್ಲ. “ಇನ್ನೊಂದ್ಸಲ ತೋರ್ಸು,” ಎಂದರು. ತೋರಿಸಿದೆ. ಮತ್ತೆ ಕೇಳಿದರು. ಎಷ್ಟು ಸಲ ನೋಡಿದರೋ ಲೆಕ್ಕವಿಡಲಿಲ್ಲ. ಕೊನೆಗೆ ಫೋನು ನನ್ನ ಕೈಗಿಟ್ಟರು.

“ಐವತ್ತು ವರ್ಷ ಕಮಾನ್ ಕಟ್ಟೀನಿ ತಮ್ಮಾ,” ಎಂದರು. “ಲಾರಿ ನನ್ನ ಹತ್ರ ಬಂದು ನಿಂತ್ಕಂತೈತೆ. ಕಟ್ಟಿಸ್ಕಂಡು ಹೋಗ್ತೈತೆ. ಓಡೋವಾಗ ಕೆಳಗೆ ಕಮಾನ್ ಏನ್ ಮಾಡ್ತೈತೆ ಅಂತ ನಾನು ಎಲ್ಲಿ ನೋಡ್ಲಿ? ಮುರಿದು ಬಂದ ಪಟ್ಟಿ ನೋಡಿ ಹಿಂಗಾಗಿರ್ಬೇಕು, ಹಂಗಾಗಿರ್ಬೇಕು ಅಂತೀನಿ. ಅಂದಾಜು. ಬರೀ ಅಂದಾಜು. ಇವತ್ತು ನೋಡ್ದೆ.”

ಅವರನ್ನು ನೋಡಿ ನಾನು ಬೆರಗಾಗಿದ್ದೆ. ಅವರು ನನ್ನ ಆಟದ ಗಾಡಿಯನ್ನು ನೋಡಿ ಬೆರಗಾಗಿದ್ದರು.

ಆಮೇಲೆ ಆ ಕಂಬಿಯ ಮಾತಿಗೆ ಬಂದರು. ತಮ್ಮ ಎರಡು ಮುಷ್ಟಿಗಳನ್ನು ಗಾಲಿಯ ಹಾಗೆ ಹಿಡಿದು ತೋರಿಸಿದರು. “ಎರಡೂ ಗಾಲೀನ ಒಂದೇ ಕಂಬಿಗೆ ಕಟ್ಟೀಯ. ಹೊರಗಿಂದು ಮೇಲಕ್ಕೆ ಒತ್ತಿದ್ರೆ, ಒಳಗಿಂದನ್ನೂ ಕಂಬಿ ಎಳ್ಕಂಡು ಮೇಲಕ್ಕೆ ಹೋಗ್ತೈತೆ. ಇನ್ನೂ ದಪ್ಪದ್ದು ಹಾಕಿದ್ರೆ ಇನ್ನೂ ಎಳೀತೈತೆ. ತೆಗೆದು ಬಿಸಾಕು.”

“ಆವಾಗ ಗಾಡಿ ವಾಲ್ತೈತಲ್ಲ ಚಾಚಾ?”

“ವಾಲ್ಲಿ ಬಿಡು. ಮೈ ವಾಲಿದ್ರೆ ನಿನಗೇನು? ಗಾಲಿ ನೆಲ ಮುಟ್ಟಿದ್ರೆ ಆಯ್ತಲ್ಲ.”

ಚಿಕ್ಕ ಕೀಲಿಯಿಂದ ನಾಲ್ಕು ಸ್ಕ್ರೂ ಬಿಚ್ಚಿ ಕಂಬಿ ತೆಗೆದೆ. ಟ್ರಕ್ಕನ್ನು ಮತ್ತೆ ಅದೇ ದಾರಿಗೆ ಬಿಟ್ಟೆ. ಮೂಲೆ ಹತ್ತಿರವಾಯಿತು, ಅಭ್ಯಾಸಬಲದಿಂದ ನನ್ನ ಬೆರಳು ವೇಗ ತಗ್ಗಿಸಲು ಹೋಯಿತು, ತಡೆದುಕೊಂಡೆ. ಟ್ರಕ್ಕು ಹೊರಗಡೆಗೆ ಭಾರವಾಗಿ ವಾಲಿತು. ಬಿದ್ದೇ ಹೋಯಿತು ಎನ್ನುವಷ್ಟರಲ್ಲಿ ಮಣ್ಣನ್ನು ಕಚ್ಚಿ, ಒಂದು ಹದವಾದ ಕಮಾನು ಬರೆದು, ಆಚೆ ದಾರಿಗೆ ಹೊರಟೇಹೋಯಿತು. ನನಗೆ ನಿಲ್ಲಿಸಬೇಕೆಂದೂ ಅನ್ನಿಸಲಿಲ್ಲ. ಸುತ್ತಿನ ಮೇಲೆ ಸುತ್ತು ಹೊಡೆಸಿದೆ. ಆ ಟ್ರಕ್ಕು ನೆಲವನ್ನು ಮುಟ್ಟುವುದು ನಾಲ್ಕು ಹೆಬ್ಬೆಟ್ಟಿನ ಗುರುತಿನಷ್ಟು ರಬ್ಬರಿನಲ್ಲಿ. ಅಷ್ಟರಲ್ಲೇ ಅದರ ಭಾರ, ವೇಗ, ತಿರುವು ಎಲ್ಲವೂ ನಿಂತಿದೆ. ಮೂರು ತಿಂಗಳಿಂದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ ನನಗೆ ಅದು ಅವತ್ತು ಮೊದಲ ಸಲ ಕಣ್ಣಿಗೆ ಕಂಡಿತು.

ಇಷ್ಟಾದರೂ ಒಂದು ಕೊರತೆ ಉಳಿದಿತ್ತು. ಬಲಕ್ಕೆ ತಿರುಗುವಾಗ ಟ್ರಕ್ಕು ಗಟ್ಟಿಯಾಗಿ ನಿಲ್ಲುತ್ತಿತ್ತು, ಎಡಕ್ಕೆ ತಿರುಗುವಾಗ ಹಿಂಭಾಗ ಒಂದಿಷ್ಟು ಅಳುಕುತ್ತಿತ್ತು. ಚಾಚಾ ಎರಡು ಸಲ ಮಲಗಿ ನೋಡಿದರೂ ಕಾರಣ ತಿಳಿಯಲಿಲ್ಲ. “ಇದು ನನ್ನ ಕಸುಬಲ್ಲ. ನಿನ್ನ ಎಣ್ಣೆ ಬುಡ್ಡೀದು,” ಎಂದು ಶಾಕ್‌ಗಳ ಕಡೆ ಬೆರಳು ಮಾಡಿ ಕೈತೊಳೆದುಕೊಂಡರು.

ಎಣ್ಣೆ ಎಂದರೆ ನನ್ನ ಕಸುಬೇ. ದಿನ ಬೆಳಗಾದರೆ ಎಣ್ಣೆ ಎಷ್ಟು ಮಂದ, ಎಷ್ಟು ತಿಳಿ ಎಂದು ಅಳೆಯುವವನು. ಎಡ ಬಲ ಎರಡೂ ಶಾಕ್‌ಗಳಿಗೆ ಒಂದೇ ಬಾಟಲಿಯ ಎಣ್ಣೆಯನ್ನು ಒಂದೇ ಅಳತೆಯಲ್ಲಿ ತುಂಬಿದ್ದೆ. ಅಲ್ಲಿ ತಪ್ಪಿಲ್ಲ ಎಂದು ಖಚಿತವಾಗಿ ನಂಬಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಪಡಸಾಲೆಯಲ್ಲಿ ಪೇಪರು ಹಾಸಿ, ಎರಡು ಹಿಂದಿನ ಶಾಕ್‌ಗಳನ್ನು ಬಿಚ್ಚಿ, ಸ್ಪ್ರಿಂಗು ತೆಗೆದಿಟ್ಟಿದ್ದೆ. ಅವರೆಕಾಯಿ ಬಿಡಿಸುತ್ತ ಕೂತಿದ್ದ ಹೆಂಡತಿ, ಕೈ ಒರೆಸಿಕೊಂಡು ಅವನ್ನು ಎತ್ತಿಕೊಂಡಳು. ಸುಮ್ಮನೆ, ಮಾತಿನ ನಡುವೆ, ಎರಡೂ ಕೈಯ ಹೆಬ್ಬೆರಳಿನಿಂದ ಎರಡನ್ನೂ ಒಟ್ಟಿಗೆ ಒತ್ತಿದಳು. ಮತ್ತೊಮ್ಮೆ ಒತ್ತಿದಳು. ಮಾತು ನಿಲ್ಲಿಸಿದಳು.

“ರೀ, ಇವೆರಡೂ ಒಂದೇ ಅಲ್ಲ.”

“ಒಂದೇ. ನಾನೇ ತುಂಬಿದ್ದು.”

“ಅಲ್ಲ ರೀ. ಇದು ತಡಕೊಂಡು ತಡಕೊಂಡು ಹೋಗ್ತೈತೆ. ಇದು ಮೊದ್ಲಿಗೆ ಒಂಚೂರು ಸಡ್ಲ ಬಿಟ್ಟು ಆಮೇಲೆ ತಡಿತೈತೆ.”

ಕೈಗೆ ತೆಗೆದುಕೊಂಡು ಒತ್ತಿ ನೋಡಿದೆ. ಎರಡೂ ಒಂದೇ ಥರ ಅನ್ನಿಸಿತು. ಕಣ್ಣು ಮುಚ್ಚಿ ಒತ್ತಿದೆ. ಏನೂ ತಿಳಿಯಲಿಲ್ಲ. ಅವಳು ನಗುತ್ತ, ನಾನು ಕಣ್ಣು ಮುಚ್ಚಿದ ಹಾಗೆಯೇ ತಾನೂ ಮುಚ್ಚಿಕೊಂಡು, “ಅದಲು ಬದಲು ಮಾಡಿ ಕೊಡ್ರಿ,” ಎಂದಳು. ಐದು ಸಲ ಬದಲಿಸಿ ಕೊಟ್ಟೆ. ಐದೂ ಸಲ “ಸಡ್ಲದ್ದು ಇದು” ಎಂದು ಸರಿಯಾದದ್ದನ್ನೇ ಎತ್ತಿ ತೋರಿಸಿದಳು.

ಎಡಗಡೆಯ ಆ ಶಾಕಿನ ಮುಚ್ಚಳ ಬಿಚ್ಚಿದೆ. ಎಣ್ಣೆಯ ತಳದಿಂದ ಒಂದೇ ಒಂದು ಗಾಳಿಗುಳ್ಳೆ ಎದ್ದು ಬಂತು. ಸಾಸಿವೆ ಕಾಳಿಗಿಂತ ದೊಡ್ಡದಲ್ಲ.

ಮದುವೆಗೆ ಮೊದಲು ಎಂಟು ವರ್ಷ ಅವಳು ತವರಿನಲ್ಲಿ ಕುಣಿಮಗ್ಗದ ಮುಂದೆ ಕೂತು ರೇಷ್ಮೆ ಸೀರೆ ನೇಯ್ದವಳು. ಅದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ನಮ್ಮ ಮದುವೆಯ ಸೀರೆಯನ್ನು ಅವಳೇ ನೇಯ್ದುಕೊಂಡಿದ್ದಳು. ಆದರೆ ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದೂ ಆ ಬೆರಳುಗಳಿಗೆ ಏನು ಗೊತ್ತು ಎಂದು ನಾನು ಕೇಳಿರಲಿಲ್ಲ.

“ಹೆಂಗೆ ಗೊತ್ತಾಯ್ತೇ ನಿಂಗೆ?”

“ಸಾವಿರಾರು ಎಳೆ ಇರ್ತಾವಲ್ಲ ರೀ ಮಗ್ಗದ ಹಾಸಿನಾಗೆ. ಒಂದು ಎಳೆ ಸಡ್ಲಾದ್ರೂ ಕೈಗೆ ಗೊತ್ತಾಗ್ತೈತೆ. ನೋಡಿದ್ರೆ ಗೊತ್ತಾಗಲ್ಲ. ಹೇಳು ಅಂದ್ರೆ ಹೇಳೋಕೆ ಬರಲ್ಲ.” ಎಂದವಳೇ ಮತ್ತೆ ಅವರೆಕಾಯಿಗೆ ಕೈ ಹಾಕಿದಳು.

ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಮೊಳಕಾಲ್ಮೂರಿನ ಕೆರೆಯಂಗಳದಲ್ಲಿ ಪಂದ್ಯ ಇಟ್ಟುಕೊಂಡಿದ್ದರು. ಬಹುಮಾನ ಗಿಹುಮಾನ ಏನೂ ಇಲ್ಲ. ಬಳ್ಳಾರಿ, ರಾಯದುರ್ಗ, ಚಿತ್ರದುರ್ಗದ ಕಡೆಯಿಂದ ಗಾಡಿ ಇರುವ ಹನ್ನೆರಡು ಜನ ಸೇರಿ ಓಡಿಸುವುದು, ಮಧ್ಯಾಹ್ನ ಒಟ್ಟಿಗೆ ಊಟ ಮಾಡುವುದು, ಅಷ್ಟೆ. ನಾನು ಹೋಗುವ ಸುದ್ದಿ ತಿಳಿದು ಚಾಚಾ ತಾವೇ ಮನೆಗೆ ಬಂದರು. “ನಂಗೂ ಜಾಗ ಐತಾ ಕಾರ್ನಾಗೆ?” ಎಂದು ಕೇಳಿದರು. ಅವರು ಮುಂದೆ ಕೂತರು. ಹಿಂದಿನ ಸೀಟಿನಲ್ಲಿ ಹೆಂಡತಿ ಟ್ರಕ್ಕನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. “ತವರಿಗೆ ಹೋಗ್ತಿದೀನಿ ಅಂದ್ರೆ ಇದನ್ನ ಎತ್ಕಂಡು ಹೋಗೋ ಹಂಗಾಯ್ತಲ್ಲ ನಂದು,” ಎಂದು ದಾರಿಯುದ್ದಕ್ಕೂ ಗೊಣಗಿದಳು. ತೊಡೆಯ ಮೇಲಿನಿಂದ ಅದನ್ನು ಕೆಳಗಿಳಿಸಲಿಲ್ಲ.

ಕೆರೆಯಂಗಳದಲ್ಲಿ ಸುಣ್ಣದ ಗೆರೆ ಎಳೆದು ಓಟದ ದಾರಿ ಮಾಡಿದ್ದರು. ಒಂಬತ್ತು ತಿರುವು. ಸುತ್ತ ಜಾಲಿ ಪೊದೆ, ಅದರಾಚೆ ಬಂಡೆ ಗುಡ್ಡಗಳು, ತೀರ ದೂರಕ್ಕೆ ಮಸುಕಾಗಿ ಜಟಿಂಗ ರಾಮೇಶ್ವರನ ಬೆಟ್ಟ. ಬೆಳಗಿನ ಮೊದಲ ಓಟದಲ್ಲಿ ನನ್ನ ಟ್ರಕ್ಕು ಎಲ್ಲರಿಗಿಂತ ಮುಂದಿತ್ತು. ಉಳಿದವರು ತಿರುವಿಗೆ ಬಂದಾಗ ವೇಗ ತಗ್ಗಿಸಿದರೆ ನಾನು ತಗ್ಗಿಸುತ್ತಿರಲಿಲ್ಲ. ಆ ಹಳೆಯ ಗಾಡಿಯನ್ನು ನನಗೆ ಕೊಟ್ಟವರೇ ಬಂದು, “ಇದು ನಂದೇನಾ ಮಾರಾಯಾ?” ಎಂದು ಬಗ್ಗಿ ನೋಡಿದರು.

ಬಿಸಿಲೇರಿದಂತೆ ಧೂಳು ವಿಪರೀತವಾಯಿತು. ಓಡುವ ಗಾಡಿ ಕಾಣದಾಯಿತು. ಯಾರೋ ಊರಿನಿಂದ ನೀರಿನ ಟ್ಯಾಂಕರು ಕರೆಸಿದರು. ಡ್ರೈವರು ತೆಲುಗಿನವನು. ದಾರಿಗೆ ನೀರು ಬಿಡುತ್ತ, “ಚಾಲಾ? ಇಂಕಾ ಪೊಯ್ಯಾಲಾ?” ಎಂದ, ಸಾಕೋ ಇನ್ನೂ ಹೊಯ್ಯಬೇಕೋ ಎಂದು. ನಮ್ಮವರು ಧೂಳು ಸಾಕಾಗಿ ಹೋಗಿದ್ದವರು, “ಪೊಯ್ಯಿ, ಪೊಯ್ಯಿ!” ಎಂದು ಕೂಗಿದರು. ಅವನು ಧಾರಾಳವಾಗಿಯೇ ಹೊಯ್ದ.

ಕೆರೆಯ ಗೋಡು ಮಣ್ಣು ನೀರು ಕುಡಿದು ಅರ್ಧ ಗಂಟೆಯಲ್ಲಿ ಕಪ್ಪಗೆ, ಬಿಗಿಯಾಗಿ, ಅಂಟು ಅಂಟಾಗಿ ಕೂತಿತು. ಎರಡನೇ ಓಟ ಶುರುವಾಯಿತು. ಮೊದಲ ತಿರುವಿಗೆ ನನ್ನ ಟ್ರಕ್ಕು ಪೂರ್ತಿ ವೇಗದಲ್ಲಿ ಹೋಯಿತು. ಗಾಲಿಗಳು ನೆಲವನ್ನು ಹಿಡಿದವು. ಹಿಡಿದದ್ದು ಬಿಡಲೇ ಇಲ್ಲ. ಗಾಲಿ ಅಲ್ಲೇ ನಿಂತ ಹಾಗಾಗಿ, ಮೈ ಮಾತ್ರ ಮುಂದಕ್ಕೆ ಹೋಗಿ, ಟ್ರಕ್ಕು ಪಲ್ಟಿ ಹೊಡೆದು ಹೊಟ್ಟೆ ಮೇಲಾಗಿ ಬಿತ್ತು. ನಾಲ್ಕು ಗಾಲಿಗಳೂ ಆಕಾಶಕ್ಕೆ ಮುಖ ಮಾಡಿ ತಿರುಗುತ್ತಿದ್ದವು.

“ಏ, ಕಪ್ಪೆ ಹಂಗೆ ಮಲಗ್ತು ನೋಡ್ರಲೇ!” ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಎತ್ತಿ ನಿಲ್ಲಿಸಿದೆ. ಮುಂದಿನ ತಿರುವಿನಲ್ಲೂ ಹಾಗೇ. ಅದರ ಮುಂದಿನದರಲ್ಲೂ ಹಾಗೇ. ಹಿಡಿತ ಇಲ್ಲವೆಂದು ಮೂರು ತಿಂಗಳು ಕೊರಗಿದ್ದೆ. ಈಗ ಹಿಡಿತ ಹೆಚ್ಚಾಗಿ ಬೀಳುತ್ತಿದ್ದೆ. ಟ್ರಕ್ಕು ಎತ್ತಿಕೊಂಡು ಹೊರಗೆ ಬಂದಾಗ ಮುಖ ಎತ್ತಲೂ ಮನಸ್ಸಾಗಲಿಲ್ಲ.

ಚಾಚಾ ಓಟದ ದಾರಿಯ ಮಧ್ಯಕ್ಕೇ ಹೋಗಿ ಒಂದು ಹಿಡಿ ಮಣ್ಣು ಕಿತ್ತು ತಂದರು. ಬೆರಳ ನಡುವೆ ಉಂಡೆ ಮಾಡಿ, ಎಳೆದು, ನಮಗೂ ತೋರಿಸಿದರು. “ಬೆಳಿಗ್ಗೆ ಓಡಿದ ನೆಲ ಅಲ್ಲ ಇದು. ಆ ನೆಲಕ್ಕೆ ಮಾಡಿದ ಗಾಡಿ ಈ ನೆಲಕ್ಕೆ ಎಲ್ಲಿ ಆಗ್ತೈತೆ?”

“ಈಗೇನ್ ಮಾಡೋದು ಚಾಚಾ?” ಎಂದೆ. ಗದ್ದಲದಲ್ಲಿ ಅವರಿಗೆ ಕೇಳಿಸಲಿಲ್ಲ. ಹೆಂಡತಿ ಅವರ ಬಲಗಿವಿಗೆ ಬಾಯಿಟ್ಟು ಕೂಗಿದಳು: “ಏನ್ ಮಾಡೋದು ಅಂತ ಕೇಳ್ತಾರೆ!”

“ಕೆಳಗೆ ಕೂರ್ಸು. ಹೊಟ್ಟೆ ನೆಲದ ಹತ್ರ ಬರ್ಲಿ. ಎತ್ತರ ಇದ್ರೆ ತಾನೇ ಮಗುಚೋದು?”

ಕೊನೆಯ ಓಟಕ್ಕೆ ಹತ್ತು ನಿಮಿಷವಿತ್ತು. ಪ್ರತಿ ಶಾಕಿನ ಮೇಲೂ ಸ್ಪ್ರಿಂಗನ್ನು ಹಿಡಿದಿಡುವ ಒಂದು ಉಂಗುರವಿದೆ. ಅದನ್ನು ಮೇಲಕ್ಕೆ ತಿರುಗಿಸಿದರೆ ಗಾಡಿ ತಗ್ಗುತ್ತದೆ. ನಾಲ್ಕೂ ಸರಿಸಮನಾಗಿ ತಗ್ಗಬೇಕು. ಹೆಸರಿಗೆ ಮಾತ್ರ ನಾನು ರಿಮೋಟು ಹಿಡಿದವನು. ಉಂಗುರ ತಿರುಗಿಸಿದವಳು ಹೆಂಡತಿ. ಒಂದು ತಿರುಗಿಸುವಳು, ಅಂಗೈಯಿಂದ ಮೇಲೆ ಒತ್ತುವಳು, ಇನ್ನೊಂದು ತಿರುಗಿಸುವಳು, ಮತ್ತೆ ಒತ್ತುವಳು. ಚಾಚಾ ಮಂಡಿಯೂರಿ ಕೆಳಗಿನಿಂದ ನೋಡುತ್ತ, “ಇನ್ನೊಂಚೂರು ಬೇಟಿ... ಬಸ್, ಬಸ್,” ಎನ್ನುತ್ತಿದ್ದರು. ಸುತ್ತ ನಿಂತವರ ನಗು ಯಾವಾಗ ನಿಂತಿತೋ ತಿಳಿಯಲಿಲ್ಲ. ಬಳ್ಳಾರಿಯ ಇಬ್ಬರು ತಮ್ಮ ಗಾಡಿ ಬಿಟ್ಟು ಬಂದು ಈ ಇಬ್ಬರ ಕೈಗಳನ್ನೇ ನೋಡುತ್ತಿದ್ದರು.

ಕೊನೆಯ ಓಟ ಹತ್ತು ಸುತ್ತಿನದು. ಬೆಳಗಿನ ಓಟದಲ್ಲಿ ಮುಂದಿದ್ದ ಆರು ಗಾಡಿ. ಮೊದಲ ತಿರುವು ದಾಟಿದೆ. ಮ‌ಗುಚಲಿಲ್ಲ. ಎರಡನೆಯದು, ಮೂರನೆಯದು. ಐದನೇ ಸುತ್ತಿಗೆ ಮೂರನೇ ಜಾಗಕ್ಕೆ ಬಂದೆ, ಒಂಬತ್ತನೇ ಸುತ್ತಿಗೆ ಎರಡನೇ ಜಾಗಕ್ಕೆ. ಹತ್ತನೇ ಸುತ್ತಿನಲ್ಲಿ ನಾವು ನಿಂತ ಜಾಗದ ಎದುರಿಗೇ ಇದ್ದ ದೊಡ್ಡ ತಿರುವಿಗೆ ಟ್ರಕ್ಕು ಬಂತು. ಒದ್ದೆ ಮಣ್ಣಿನ ಮೇಲೆ ತಗ್ಗಿ, ಒಂದಿಷ್ಟೇ ವಾಲಿ, ನಾಲ್ಕೂ ಗಾಲಿಗಳು ನೆಲಕ್ಕೆ ಹೊಲಿದ ಹಾಗೆ ಕೂತು, ಮಣ್ಣಿನ ಮೇಲೆ ನಾಲ್ಕು ನುಣುಪಾದ ಗೆರೆ ಬಿಡುತ್ತ ತಿರುಗತೊಡಗಿತು. ಅಂಥದ್ದನ್ನು ನಾನು ಆವರೆಗೆ ನೋಡಿರಲಿಲ್ಲ. ನೋಡುತ್ತ ನಿಂತುಬಿಟ್ಟೆ. ತಿರುವು ಮುಗಿದಿತ್ತು, ರಿಮೋಟಿನ ಚಕ್ರವನ್ನು ನೇರ ಮಾಡಬೇಕಿತ್ತು. ನನಗೆ ಅದು ಮರೆತೇಹೋಯಿತು. ಟ್ರಕ್ಕು ಅದೇ ಚೆಂದದ ಗೆರೆಯಲ್ಲಿ ತಿರುಗುತ್ತ, ತಿರುಗುತ್ತ, ಸುಣ್ಣದ ಗೆರೆ ದಾಟಿ ಜಾಲಿ ಪೊದೆಯೊಳಕ್ಕೆ ನುಗ್ಗಿತು.

ಅದನ್ನು ಎಳೆದು ತಂದು ಓಟ ಮುಗಿಸುವಷ್ಟರಲ್ಲಿ ಐದನೆಯವನಾಗಿದ್ದೆ.

“ಯಾಕ್ರೀ ನೇರ ಮಾಡ್ಲಿಲ್ಲ?” ಎಂದು ಹೆಂಡತಿ ಹಣೆ ಚಚ್ಚಿಕೊಂಡಳು.

“ನೋಡ್ತಾ ನಿಂತ್ಬಿಟ್ಟೆ ಕಣೇ.”

ಚಾಚಾ ಏನೆಂದು ಕೇಳಿದರು. “ನೋಡ್ತಾ ನಿಂತ್ಬಿಟ್ರಂತೆ!” ಎಂದು ಅವಳು ಅವರ ಕಿವಿಗೆ ಕೂಗಿದಳು. ಅವರು ಬೈಯುತ್ತಾರೆಂದು ಕಾದೆ. ಅವರು ನನ್ನ ಬೆನ್ನ ಮೇಲೆ ಕೈಯಿಟ್ಟು, “ನಾನೂ ಅದನ್ನೇ ನೋಡ್ತಿದ್ದೆ ತಮ್ಮಾ,” ಎಂದರು.

ಇದಾಗಿ ಹದಿನೈದು ದಿನ ಕಳೆದಿರಬೇಕು. ಒಂದು ಬೆಳಿಗ್ಗೆ ಗಿರಣಿಯ ಗೇಟಿನವನು ಬಂದು, ಚಾಚಾ ಹೊರಗೆ ನಿಂತಿದ್ದಾರೆ ಎಂದ. ಹೋದೆ. “ಆ ಫೋನು ಐತಲ್ಲ? ತಗಂಡು ಬಾ,” ಎಂದರು. ನಮ್ಮ ಗಿರಣಿಯ ಹಿಂಡಿ ಸಾಗಿಸುವ ಲಾರಿಯೊಂದಕ್ಕೆ ಹಿಂದಿನ ದಿನ ಅವರು ಹಿಂಬದಿಯ ಕಮಾನು ಹೊಸದಾಗಿ ಕಟ್ಟಿದ್ದರಂತೆ. ಅದು ಲೋಡಾಗಿ ಹೊರಡುವುದರಲ್ಲಿತ್ತು. ಡ್ರೈವರಿಗೆ ಮೊದಲೇ ಹೇಳಿಟ್ಟಿದ್ದರು.

ಊರಾಚೆ ರಸ್ತೆ ಬಳಸಿಕೊಂಡು ಹೋಗುವ ಕಡೆ, ಒಳಬದಿಯ ಹೊಲದ ಬದುವಿನ ಹಿಂದೆ ಇಬ್ಬರೂ ಕೂತೆವು. ರಸ್ತೆಯಂಚಿನ ಒಂದು ಕಲ್ಲಿಗೆ ಫೋನು ಒರಗಿಸಿಟ್ಟಿದ್ದೆ. ಬೆಳಗಿನ ಎಳೆ ಬಿಸಿಲು. ಶೇಂಗಾ ಕಿತ್ತ ಹೊಲದಲ್ಲಿ ಕುರಿಗಳು ಮೇಯುತ್ತಿದ್ದವು. ಲಾರಿ ಬಂತು, ಹಾರ್ನು ಹೊಡೆಯಿತು, ಚೀಲಗಳ ಭಾರಕ್ಕೆ ನರಳುತ್ತ ತಿರುವಿನಲ್ಲಿ ವಾಲಿತು, ಬಿಸಿ ಗಾಳಿ ಎರಚಿ ಹೋಯಿತು. ನಮ್ಮ ಕಣ್ಣಿಗೆ ಕಂಡದ್ದು ಅಷ್ಟೇ.

ಬದುವಿನ ಮೇಲೆ ಕೂತು ವಿಡಿಯೋ ಹಾಕಿದೆ. ಲಾರಿ ನಿಧಾನವಾಗಿ, ಆನೆಯ ಹಾಗೆ, ಚೌಕಟ್ಟಿನೊಳಗೆ ಬಂತು. ಮೈ ಹೊರಗಡೆಗೆ ವಾಲತೊಡಗಿತು. ಆಗ ಹಿಂದಿನ ಗಾಲಿಯ ಮೇಲೆ, ನೆರಳಿನೊಳಗೆ, ಕಮಾನು ಕಾಣಿಸಿತು. ಭಾರ ಆಚೆಗೆ ಸರಿದ ಹಾಗೆ ಅದು ಹಗುರಾಗುತ್ತ, ಒಂದೊಂದು ಪಟ್ಟಿಯೂ ಇನ್ನೊಂದರ ಮೇಲೆ ಕೂದಲೆಳೆಯಷ್ಟು ಜಾರುತ್ತ, ಇನ್ನಷ್ಟು ಬಾಗಿತು. ಬಾಗಿ, ಗಾಲಿಯನ್ನು ಕೆಳಗೆ ನೆಲಕ್ಕೆ ಒತ್ತಿ ಹಿಡಿಯಿತು. ರಸ್ತೆಯಲ್ಲಿದ್ದ ಒಂದು ಸಣ್ಣ ತಗ್ಗಿಗೆ ಗಾಲಿ ಇಳಿದಾಗ ಪಟ್ಟಿಗಳೆಲ್ಲ ಒಮ್ಮೆ ನಡುಗಿ, ಮತ್ತೆ ಒಂದಾಗಿ ಸುಮ್ಮನಾದವು. ಗಾಲಿ ನೆಲ ಬಿಡಲಿಲ್ಲ.

ಚಾಚಾ ಜುಬ್ಬದ ತುದಿಯಿಂದ ಪರದೆಯ ಧೂಳು ಒರೆಸಿದರು. ಪರದೆಯ ಮೇಲೆ ಬೆರಳಿಟ್ಟು, “ಇದು ನಾನ್ ಕಟ್ಟಿದ್ದು,” ಎಂದರು. ಊರಿಗೆಲ್ಲ ಕೇಳುವಂತೆ ಮಾತಾಡುವ ಮನುಷ್ಯ, ಅದನ್ನು ಎಷ್ಟು ಮೆಲ್ಲಗೆ ಹೇಳಿದರೆಂದರೆ, ನಾನು ಅವರ ಕಡೆಗೆ ಬಾಗಿ ಕೇಳಿಸಿಕೊಳ್ಳಬೇಕಾಯಿತು.

ಗಿರಣಿಯಲ್ಲಿ ಆ ಬೆಳಗಿನ ಎಣ್ಣೆ ಪರೀಕ್ಷೆಗೆ ಹೊತ್ತು ಮೀರಿತ್ತು. ನಾನು ಏಳಲಿಲ್ಲ. ವಿಡಿಯೋವನ್ನು ಮೊದಲಿನಿಂದ ಹಾಕಿ, ಪರದೆಗೆ ಬಿಸಿಲು ಬೀಳದಂತೆ ಅಂಗೈ ಮರೆಮಾಡಿ ಹಿಡಿದೆ.